ಸಂಗಾತಿಯಲ್ಲಿ ಏನು ನೋಡಬೇಕು? ಪಟ್ಟಿ ಬರೆಯುವ, ಬರೆದದ್ದನ್ನು ಹೊಡೆದುಹಾಕುವ ಕ್ರಮ

"ಹುಡುಗ ಚೆನ್ನಾಗಿದ್ದಾನೆ, ಮನೆಯವರೂ ಒಳ್ಳೆಯವರೇ, ಆದರೂ ಯಾಕೋ ಮನಸ್ಸು ಹೂಂ ಅಂತಿಲ್ಲ." "ಮೂರು ವರ್ಷದಿಂದ ಜೊತೆಗಿದ್ದೀವಿ, ಮದುವೆ ಮಾತು ಬಂದರೆ ಮಾತ್ರ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಗುತ್ತೆ." "ನಾನು ಜಾಸ್ತಿ ಕೇಳ್ತಿದ್ದೀನಾ?" ಓದುಗರಿಂದ ಬರುವ ಪ್ರಶ್ನೆಗಳಲ್ಲಿ ಈ ಮೂರು ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಕ್ರಮವಾಗಿ ಒಂದೇ ಕಡೆ ಬರೆದಿಡುತ್ತಿದ್ದೇನೆ. ಮನೆಯವರು ನೋಡಿದ ಸಂಬಂಧವಾಗಲಿ, ನೀವೇ ಮೆಚ್ಚಿದ್ದಾಗಲಿ, ಹಂತಗಳು ಇವೇ. ದಾರಿ ಎಲ್ಲಿ ಕವಲೊಡೆಯುತ್ತದೋ ಅಲ್ಲಿ ಹೇಳುತ್ತೇನೆ.

ಯಾವ ಗುಣ ಎಲ್ಲಕ್ಕಿಂತ ಮುಖ್ಯ ಎಂದು ನಿಮ್ಮ ಪರವಾಗಿ ನಾನು ತೀರ್ಮಾನಿಸುವುದಿಲ್ಲ. ಎರಡು ವಿಷಯದಲ್ಲಿ ಮಾತ್ರ ಹಟ ಹಿಡಿಯುತ್ತೇನೆ. ಅವು ನಾಲ್ಕನೇ ಹಂತದಲ್ಲಿವೆ.

ಏನೇನು ಬೇಕು

ಒಂದು ನೋಟ್‌ಬುಕ್, ಒಂದು ಪೆನ್ನು. ಫೋನಿನಲ್ಲಿ ಬರೆಯಬೇಡಿ, ಅಲ್ಲಿ ಅಳಿಸಿದ್ದು ಗುರುತಿಲ್ಲದೆ ಹೋಗುತ್ತದೆ. ಈ ಕೆಲಸದಲ್ಲಿ ಏನನ್ನು ಹೊಡೆದುಹಾಕಿದಿರಿ ಎಂಬುದು ಕಣ್ಣಿಗೆ ಕಾಣುತ್ತಿರಬೇಕು. ಎರಡು ವಾರ ಸಮಯ. ಜೊತೆಗೆ, ಮುಲಾಜಿಲ್ಲದೆ ಮಾತಾಡುವ ಗೆಳತಿಯೋ ಗೆಳೆಯನೋ ಒಬ್ಬರು. ಅಕ್ಕ, ಭಾವ ಬೇಡ. ನಿಮ್ಮ ಮದುವೆಯಲ್ಲಿ ಅವರದೂ ಪಾಲಿರುತ್ತದೆ.

ಶುರು ಮಾಡುವ ಮುನ್ನ ಒಂದು ಪ್ರಶ್ನೆ

1838ರಲ್ಲಿ ಚಾರ್ಲ್ಸ್ ಡಾರ್ವಿನ್ ಒಂದು ಹಾಳೆಯಲ್ಲಿ ಎರಡು ಸಾಲು ಮಾಡಿಕೊಂಡ. ಒಂದರಲ್ಲಿ ಮದುವೆಯಾದರೆ ಏನು, ಇನ್ನೊಂದರಲ್ಲಿ ಆಗದಿದ್ದರೆ ಏನು. ಹೊತ್ತು ಹಾಳಾಗುತ್ತದೆ, ಪುಸ್ತಕ ಕೊಳ್ಳಲು ದುಡ್ಡು ಕಡಿಮೆಯಾಗುತ್ತದೆ ಎಂದೆಲ್ಲ ಬರೆದ. ಜೊತೆಗೊಬ್ಬರು ಇರುವುದು ಏನೇ ಆದರೂ ನಾಯಿ ಸಾಕುವುದಕ್ಕಿಂತ ವಾಸಿ ಎಂದೂ ಬರೆದ. ಕೊನೆಗೆ ಮದುವೆಯ ಕಡೆಗೇ ತೂಕ ಬಿತ್ತು. 1839ರ ಜನವರಿಯಲ್ಲಿ ಎಮ್ಮಾ ವೆಡ್ಜ್‌ವುಡ್‌ಳನ್ನು ಕೈಹಿಡಿದ.

ಆ ಹಾಳೆಯಲ್ಲಿ ಎಮ್ಮಾಳ ಗುಣಗಳ ಲೆಕ್ಕವಿಲ್ಲ, ಗಮನಿಸಿ. ಅವನು ಕೇಳಿಕೊಂಡದ್ದು ಮದುವೆ ಬೇಕೇ ಬೇಡವೇ ಎಂದಷ್ಟೇ. ನಮ್ಮಲ್ಲಿ ಈ ಪ್ರಶ್ನೆಯನ್ನು ಹಾರಿ ನೇರವಾಗಿ "ಯಾರು?" ಎನ್ನುವುದಕ್ಕೆ ಬಂದುಬಿಡುತ್ತೇವೆ. ಈಗಲೇ ಮದುವೆ ಬೇಡ ಎಂದು ಮನೆಯಲ್ಲಿ ಹೇಳಲು ಧೈರ್ಯವಿಲ್ಲದವರು ಬಂದ ಸಂಬಂಧಕ್ಕೆಲ್ಲ ಒಂದೊಂದು ಹುಳುಕು ಹುಡುಕುತ್ತಾರೆ. ಒಬ್ಬರ ಮೂಗು ಸರಿಯಿಲ್ಲ, ಇನ್ನೊಬ್ಬರ ಇಂಗ್ಲಿಷ್ ಸರಿಯಿಲ್ಲ. ನಿಮ್ಮದು ಆ ಕಥೆಯಾಗಿದ್ದರೆ ಮುಂದಿನ ಹಂತಗಳಿಂದ ಪ್ರಯೋಜನವಿಲ್ಲ. ಮೊದಲು ಮನೆಯಲ್ಲಿ ಬಾಯಿ ಬಿಟ್ಟು ಹೇಳಿ.

ಹಂತ 1: ನಾಚಿಕೆ ಬಿಟ್ಟು ಎಲ್ಲವನ್ನೂ ಬರೆಯಿರಿ

ಎತ್ತರ, ಬಣ್ಣ, ಸಂಬಳ, ಸ್ವಂತ ಮನೆ, ಜಾತಿ, ಊಟ, ಭಾಷೆ, ಕೂದಲು, ಕಾರು. ಬೇರೆಯವರು ನೋಡಿದರೆ ಏನಂದುಕೊಳ್ಳುತ್ತಾರೋ ಎಂಬ ಸಾಲನ್ನೂ ಬಿಡಬೇಡಿ. ಪುಟದ ಎಡಗಡೆ ಬೇಡಿಕೆ, ಬಲಗಡೆ ಅದು ಯಾರದು ಎಂದು ಬರೆಯಿರಿ. "ಅಮ್ಮ", "ದೊಡ್ಡಪ್ಪ", "ಆಫೀಸಿನವರು", "ರೀಲ್ಸ್", "ನಾನು". ಇಬ್ಬರದಾಗಿದ್ದರೆ ಇಬ್ಬರ ಹೆಸರನ್ನೂ ಹಾಕಿ.

"ನಾನು" ಎಂಬ ಗುರುತಿಲ್ಲದ ಸಾಲುಗಳನ್ನು ತಕ್ಷಣ ಹೊಡೆಯಬೇಡಿ. ಅವು ಯಾರವು ಎಂದು ಗೊತ್ತಾದರೆ ಸದ್ಯಕ್ಕೆ ಸಾಕು.

ಜಾತಿಯ ಸಾಲಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. "ನನಗೇನಿಲ್ಲ, ಮನೆಯಲ್ಲಿ ಒಪ್ಪಲ್ಲ" ಎಂಬುದು ಪಟ್ಟಿಯಲ್ಲಿ ಎಲ್ಲೂ ಬರೆಯದೆ, ಮನಸ್ಸಿನಲ್ಲಿ ಮಾತ್ರ ಇಟ್ಟುಕೊಳ್ಳುವ ಸಾಲು. ಮೂರು ವರ್ಷ ಪ್ರೀತಿಸಿ, ಮನೆಯಲ್ಲಿ ಹೇಳುವ ದಿನ ಬಂದಾಗ ಅದನ್ನು ಹೊರತೆಗೆಯುವುದು ಎದುರಿನವರಿಗೆ ಮಾಡುವ ಮೋಸ ಎಂದೇ ನಾನು ತಿಳಿದಿದ್ದೇನೆ. ಮನೆಯವರನ್ನು ಎದುರಿಸಲು ನಿಮ್ಮಿಂದ ಆಗುತ್ತದೋ ಇಲ್ಲವೋ ಎಂಬುದನ್ನು ಮೊದಲ ತಿಂಗಳಲ್ಲೇ ಬರೆದುಕೊಳ್ಳಿ, ನೀವು ಪ್ರೀತಿಸುವವರಿಗೂ ತಿಳಿಸಿ. ಎದುರಿಸುವವರಿಗೆ ಕಾನೂನಿನ ದಾರಿಯಿದೆ. 1954ರ ವಿಶೇಷ ವಿವಾಹ ಕಾಯ್ದೆಯಡಿ ಧರ್ಮ ಬದಲಿಸದೆಯೇ ಮದುವೆಯಾಗಬಹುದು. ಅದಕ್ಕೆ 30 ದಿನಗಳ ನೋಟಿಸ್ ಅವಧಿ ಇರುತ್ತದೆ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು.

ಸಾಲಾವಳಿಯನ್ನೂ ಇಲ್ಲೇ ಮುಗಿಸಿಬಿಡೋಣ. ಸಾಲಾವಳಿ ಎಂದರೆ ಇಬ್ಬರ ಜಾತಕ ಕೂಡಿಬರುತ್ತದೆಯೇ ಎಂದು ನೋಡುವ ಲೆಕ್ಕ. ಅಷ್ಟಕೂಟ ಪದ್ಧತಿಯಲ್ಲಿ ಎಂಟು ಕೂಟಗಳಿವೆ. ವರ್ಣಕ್ಕೆ 1, ವಶ್ಯಕ್ಕೆ 2, ತಾರೆಗೆ 3, ಹೀಗೆ ಏರುತ್ತ ನಾಡಿಗೆ 8, ಒಟ್ಟು 36 ಗುಣ. 18 ದಾಟಿದರೆ ಆಗಬಹುದು ಎನ್ನುತ್ತಾರೆ. ಇಷ್ಟೂ ಲೆಕ್ಕ ನಿಂತಿರುವುದು ಹುಟ್ಟಿದಾಗ ಚಂದ್ರನಿದ್ದ ನಕ್ಷತ್ರ ಮತ್ತು ರಾಶಿಯ ಮೇಲೆ. ಇಲ್ಲಿ "ಗುಣ" ಎಂದರೆ ಅಂಕ. ಸ್ವಭಾವ ಎಂದು ತಪ್ಪು ತಿಳಿಯಬೇಡಿ. 32 ಗುಣ ಕೂಡಿದವನು ಅಂಗಡಿ ಹುಡುಗನ ಮೇಲೆ ರೇಗುವವನೋ ಅಲ್ಲವೋ ಎಂದು ಯಾವ ಪಂಚಾಂಗವೂ ಹೇಳುವುದಿಲ್ಲ. ನಂಬುವ ಮನೆಯಾದರೆ ನೋಡಿಸಿ, ಆದರೆ ಭೇಟಿಗೆ ಮುಂಚೆಯೇ ನೋಡಿಸಿ. ಇಬ್ಬರೂ ಮೆಚ್ಚಿಕೊಂಡ ಮೇಲೆ ಜೋಯಿಸರ ಹತ್ತಿರ ಓಡಿ, "ನಾಡಿದೋಷ" ಎಂದು ವಾಪಸ್ ಬರುವುದು ಎರಡು ಮನೆಗಳಿಗೂ ನೋವು.

ಹಂತ 2: ಒಂದು ಮಂಗಳವಾರವನ್ನು ಬರೆಯಿರಿ

ಪಟ್ಟಿಯನ್ನು ಪಕ್ಕಕ್ಕಿಟ್ಟು ಹೊಸ ಪುಟ ತೆಗೆಯಿರಿ. ಮದುವೆಯಾಗಿ ಐದು ವರ್ಷವಾಗಿದೆ. ಹಬ್ಬವಲ್ಲ, ರಜೆಯಲ್ಲ, ಬರೀ ಮಂಗಳವಾರ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಏನಾಗುತ್ತದೆ? ಯಾವ ಊರು? ಮೊದಲು ಏಳುವವರು ಯಾರು? ಹಾಲಿನವನು ಬಂದಾಗ ಬಾಗಿಲು ತೆಗೆಯುವವರು ಯಾರು? ಮಗುವಿಗೆ ಜ್ವರ ಬಂದಿದೆ, ಇವತ್ತು ರಜೆ ಹಾಕುವವರು ಯಾರು? ಸಂಜೆ ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ಸಿಕ್ಕಿಕೊಂಡು ಬಂದ ಮೇಲೆ ಕುಕ್ಕರ್ ಇಡುವವರು ಯಾರು? ಶಿವಮೊಗ್ಗದಲ್ಲಿರುವ ಅಪ್ಪನಿಗೆ ಮಂಡಿ ಆಪರೇಷನ್ ಎಂದು ಫೋನ್ ಬಂದರೆ ಅವರನ್ನು ಯಾರ ಮನೆಗೆ ಕರೆತರುತ್ತೀರಿ, ಎಷ್ಟು ತಿಂಗಳಿಗೆ? ಅಡುಗೆಮನೆಯಲ್ಲಿ ಮಾಂಸ ಬೇಯುತ್ತದೆಯೇ? ರಾತ್ರಿ ಹತ್ತಕ್ಕೆ ಇಬ್ಬರೂ ಮಾತಾಡುತ್ತಿದ್ದೀರೋ, ಒಂದೊಂದು ಮೂಲೆಯಲ್ಲಿ ಫೋನು ಹಿಡಿದಿದ್ದೀರೋ?

ಕನಿಷ್ಠ ಒಂದೂವರೆ ಪುಟ ಬರೆಯಿರಿ. ಈ ಹಂತವನ್ನು ಹಾರಿಸಿದವರ ಪಟ್ಟಿ ಮದುವೆಯ ಆಲ್ಬಮ್‌ಗೆ ಸರಿಹೊಂದುವಂತಿರುತ್ತದೆ. ಅದರಲ್ಲಿ ಎತ್ತರ, ಬಣ್ಣ, ಡಿಗ್ರಿ ಇರುತ್ತವೆ. ಮಂಗಳವಾರದ ಪುಟದಲ್ಲಿ ಅವು ಬರುವುದೇ ಅಪರೂಪ. ಅಲ್ಲಿ ಬರುವುದು ಬೇರೆ: ಯಾರೂ ಹೇಳದೆಯೇ ಕೆಲಸ ಹಂಚಿಕೊಳ್ಳುವುದು, ದುಡ್ಡಿನ ಮಾತನ್ನು ಮುಚ್ಚಿಡದಿರುವುದು, ದಣಿದಾಗಲೂ ನೆಟ್ಟಗೆ ಮಾತಾಡುವುದು.

ಬಾಗಿಲಲ್ಲೇ ತಳ್ಳಿಹಾಕುವ ಸಾಲುಗಳನ್ನು ಬಿಡಿಸಿ ನೋಡಲೂ ಇದೇ ಪುಟ ಬೇಕು. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತ ಯುವಕರು ಹೆಣ್ಣು ಸಿಗಲಿ ಎಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ನಕ್ಕವರು ಬಹಳ. ಆದರೆ ಅವರಲ್ಲಿ ಬೇಸಾಯದ ಮನೆಯವರೇ ಹೆಚ್ಚು, ಎದುರು ಕಡೆಯ ಪಟ್ಟಿಗಳಲ್ಲಿ "ರೈತ ಬೇಡ" ಎಂಬ ಒಂದು ಸಾಲಿರುವುದು ಸುಳ್ಳಲ್ಲ. ಆ ಸಾಲು ಬರೆದ ಹುಡುಗಿಯನ್ನು ನಾನು ತಪ್ಪೆನ್ನುವುದಿಲ್ಲ. ಆ ಎರಡು ಪದಗಳ ಹಿಂದೆ ಯಾವ ಮಂಗಳವಾರದ ಭಯವಿದೆ ಎಂದಷ್ಟೇ ಕೇಳುತ್ತೇನೆ. ಬೆಲೆ ಬಿದ್ದ ವರ್ಷ ಕೈಯಲ್ಲಿ ಕಾಸಿಲ್ಲದಿರುವ ಭಯವೇ? ಅತ್ತೆಯ ಕಣ್ಣಳತೆಯಲ್ಲಿ ದಿನ ದೂಡುವ ಭಯವೇ? ಓದಿದ್ದು ವ್ಯರ್ಥವಾಗುವ ಭಯವೇ? ಮೂರೂ ನ್ಯಾಯವಾದ ಭಯಗಳು, ಮೂರೂ ಬೇರೆ ಬೇರೆ. ಹೆಂಡತಿ ಪಕ್ಕದ ಪಟ್ಟಣದಲ್ಲಿ ಕೆಲಸಕ್ಕೆ ಹೋಗುವುದನ್ನು ಒಪ್ಪುವ ತೋಟದ ಮನೆಯೂ ಇರುತ್ತದೆ. ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಅತ್ತೆಯ ಕಣ್ಣಳತೆಯೂ ಇರುತ್ತದೆ. ಭಯದ ಹೆಸರನ್ನೇ ನೇರವಾಗಿ ಬರೆದುಕೊಂಡರೆ, ವೃತ್ತಿಯ ಹೆಸರು ನೋಡಿ ಒಳ್ಳೆಯವರನ್ನು ಕಳೆದುಕೊಳ್ಳುವುದು, ಕೆಟ್ಟವರಿಗೆ ಬಾಗಿಲು ತೆರೆಯುವುದು ಎರಡೂ ತಪ್ಪುತ್ತವೆ.

ಹಂತ 3: ವಿಶೇಷಣಗಳನ್ನು ಕಣ್ಣಿಗೆ ಕಾಣುವ ನಡತೆಗೆ ಇಳಿಸಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಇದೇ. ಅವಸರ ಮಾಡಬೇಡಿ.

"ಒಳ್ಳೆಯ ಹುಡುಗ", "ಕೇರಿಂಗ್", "ಮೆಚ್ಯೂರ್ಡ್", "ಫ್ಯಾಮಿಲಿ ಓರಿಯೆಂಟೆಡ್". ಬಯೋಡೇಟಾದಲ್ಲಿ, ಮ್ಯಾಟ್ರಿಮನಿ ಪ್ರೊಫೈಲ್‌ಗಳಲ್ಲಿ ಈ ಪದಗಳು ಸಾರಿಗೆ ಉಪ್ಪಿನ ಹಾಗೆ ಎಲ್ಲ ಕಡೆ ಇರುತ್ತವೆ, ಹಾಗಾಗಿ ಯಾರನ್ನೂ ಬೇರ್ಪಡಿಸಿ ತೋರಿಸುವುದಿಲ್ಲ. ಪ್ರತಿ ಪದಕ್ಕೂ ಒಂದು ಪರೀಕ್ಷೆ ಮಾಡಿ: ಮನೆಯಲ್ಲಿ ಕ್ಯಾಮೆರಾ ಇಟ್ಟಿದ್ದರೆ ಇದು ಅದರಲ್ಲಿ ಕಾಣುತ್ತದೆಯೇ? ಕಾಣದಿದ್ದರೆ ಕಾಣುವಂತೆ ತಿದ್ದಿ ಬರೆಯಿರಿ.

"ಸೆಟಲ್ ಆಗಿರಬೇಕು" ತೆಗೆದುಕೊಳ್ಳಿ. ಸಾಮಾನ್ಯವಾಗಿ ಇದರರ್ಥ ಕಾಯಂ ಕೆಲಸ, ದೊಡ್ಡ ಸಂಬಳ, ಸಾಧ್ಯವಾದರೆ ಸ್ವಂತ ಮನೆ. ಒಬ್ಬರಿಗೆ ತಿಂಗಳಿಗೆ 1,20,000 ರೂಪಾಯಿ ಬರುತ್ತದೆ, ಮನೆ ಸಾಲ, ಕಾರಿನ ಸಾಲ, ಕ್ರೆಡಿಟ್ ಕಾರ್ಡ್ ಸೇರಿ 85,000 ಕಂತಿಗೇ ಹೋಗುತ್ತದೆ ಎಂದಿಟ್ಟುಕೊಳ್ಳಿ. ಕೈಗುಳಿದದ್ದು 35,000. ಇನ್ನೊಬ್ಬರಿಗೆ ಬರುವುದು 55,000, ಸಾಲವಿಲ್ಲ, ಒಂದು ಚೀಟಿ ಕಟ್ಟುತ್ತಾರೆ. ನಿಮ್ಮ ಪಟ್ಟಿಯಲ್ಲಿ ಬರೀ "ಸೆಟಲ್" ಎಂದಿದ್ದರೆ ಮೊದಲನೆಯವರು ಗೆಲ್ಲುತ್ತಾರೆ. ತಿದ್ದಿ ಬರೆದರೆ ಹೀಗಾಗಬಹುದು: "ಸಾಲ ಎಷ್ಟಿದೆ ಎಂದು ಕೇಳಿದರೆ ಮುಖ ಗಂಟಿಕ್ಕದೆ ಹೇಳುವವರು, ದೊಡ್ಡ ಖರ್ಚಿಗೆ ಮುಂಚೆ ಮಾತಾಡುವವರು."

"ಸಿಟ್ಟು ಇರಬಾರದು." ಸಿಟ್ಟೇ ಬಾರದ ಮನುಷ್ಯ ಎಲ್ಲಿದ್ದಾನೆ? ಸಿಟ್ಟು ಬಂದಾಗ ಸಾಮಾನು ಎಸೆಯದವರು, ಮನೆತನ ಎತ್ತಿ ಆಡದವರು, ಮರುದಿನ ತಾವಾಗಿ ಮಾತಿಗೆ ಬರುವವರು ಎಂದು ಬರೆಯಿರಿ. "ಸೋಶಿಯಲ್ ಡ್ರಿಂಕರ್", ಅಂದರೆ ಗೆಳೆಯರ ಕೂಟದಲ್ಲಿ ಮಾತ್ರ ಕುಡಿಯುವವರು ಎಂದು ಹೇಳಿಕೊಳ್ಳುವ ಪದ. ವಾರಕ್ಕೆ ಎಷ್ಟು ಕೂಟ, ಆಮೇಲೆ ಗಾಡಿ ಓಡಿಸುವವರು ಯಾರು, ಇವೆರಡಕ್ಕೆ ಉತ್ತರ ಸಿಗುವವರೆಗೆ ಆ ಪದಕ್ಕೆ ಅರ್ಥವಿಲ್ಲ. "ತಮಾಷೆಯ ಸ್ವಭಾವ" ಎಂದು ಬರೆದಿದ್ದರೆ ಆ ತಮಾಷೆ ಯಾರನ್ನು ಕುರಿತದ್ದು ಎಂಬುದನ್ನೂ ಸೇರಿಸಿ.

ಇನ್ನು ಆ ಮಹಾಪದ: "ಹೊಂದಿಕೊಂಡು ಹೋಗುವವಳು." ಹುಡುಗನ ಕಡೆಯವರ ಬಾಯಲ್ಲಿ ಇದು ಕಾಫಿಗೆ ಮುಂಚೆಯೇ ಬರುತ್ತದೆ. ಯಾರು, ಯಾವುದಕ್ಕೆ, ಎಷ್ಟು ಸಲ ಹೊಂದಿಕೊಳ್ಳಬೇಕು? ಆಫೀಸಿನ ಹೊತ್ತಿಗೆ ತಕ್ಕಂತೆ ಮನೆಯವರೂ ಊಟದ ಹೊತ್ತನ್ನು ಸರಿಸಿಕೊಂಡರೆ ಅದು ಹೊಂದಾಣಿಕೆ. ಒಂದೇ ಕಡೆಯವರು ಬಾಗುತ್ತಲೇ ಇದ್ದರೆ ಅದಕ್ಕೆ ನಮ್ಮ ಭಾಷೆಯಲ್ಲಿ ಬೇರೆ ಪದಗಳಿವೆ. ಹುಡುಗರೇ, ನಿಮ್ಮ ಪಟ್ಟಿಯಲ್ಲಿ ಈ ಸಾಲಿದ್ದರೆ ಎದುರಿಗೆ ನೀವು ಹೊಂದಿಕೊಂಡಿರುವ ಮೂರು ಉದಾಹರಣೆ ಬರೆಯಿರಿ. ಮೂರು ಸಿಗದಿದ್ದರೆ ಸಾಲನ್ನು ಹೊಡೆಯಿರಿ. ಹುಡುಗಿಯರೇ, "ಅವರ ಮನೆಯವರು ತುಂಬಾ ಫ್ರೀ" ಎಂಬುದೂ ಇಂಥದ್ದೇ ಪದ. ಯಾವ ವಿಷಯದಲ್ಲಿ ಫ್ರೀ ಎಂದು ಬಿಡಿಸಿ ಬರೆಯಿರಿ.

ಹಂತ 4: ಮೂರು ಪೆಟ್ಟಿಗೆ, ಒಂದು ಲೆಕ್ಕ

ಈಗ ಸಾಲುಗಳನ್ನು ಮೂರಾಗಿ ಹಂಚಿ: ಇರಲೇಬೇಕು, ಇದ್ದರೆ ಒಳ್ಳೆಯದು, ಬೇಡವೇ ಬೇಡ. "ಇರಲೇಬೇಕು" ಪೆಟ್ಟಿಗೆಯಲ್ಲಿ ನಾಲ್ಕಕ್ಕಿಂತ ಹೆಚ್ಚು ಸಾಲು ಇರಬಾರದು.

ನಾಲ್ಕೇ ಯಾಕೆಂದರೆ ಲೆಕ್ಕ ಹಾಕಿ ನೋಡಿ. ನಿಮ್ಮ ಒಂದೊಂದು ಷರತ್ತನ್ನೂ ಇಬ್ಬರಲ್ಲಿ ಒಬ್ಬರು ಪೂರೈಸುತ್ತಾರೆ ಎಂದು ಉದಾರವಾಗಿಯೇ ಇಟ್ಟುಕೊಳ್ಳೋಣ. ಷರತ್ತುಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದೂ ಇಟ್ಟುಕೊಳ್ಳೋಣ. ನಾಲ್ಕು ಷರತ್ತಿಗೆ 16 ಜನರಲ್ಲಿ ಒಬ್ಬರು ಸಿಗುತ್ತಾರೆ. ಹತ್ತು ಷರತ್ತಿಗೆ 1,024ರಲ್ಲಿ ಒಬ್ಬರು. ವಯಸ್ಸು, ಊರು, ಭಾಷೆ ಎಂದು ಜರಡಿ ಹಿಡಿದ ಮೇಲೆ ನಿಮ್ಮ ಕಣ್ಣಿಗೆ ಬೀಳುವ ಸಂಬಂಧಗಳೇ ನೂರೋ ಇನ್ನೂರೋ. ಮೇಲಾಗಿ ಆ ಒಬ್ಬರ ಕೈಯಲ್ಲೂ ಒಂದು ಪಟ್ಟಿ ಇರುತ್ತದೆ!

ನಾಲ್ಕಕ್ಕೆ ಇಳಿಸುವುದು ಹೇಗೆ? ಉಳಿದ ಸಾಲುಗಳನ್ನು ಚೀಟಿಗಳಲ್ಲಿ ಬರೆದು ಎರಡೆರಡನ್ನೇ ಎದುರುಬದುರು ಇಡಿ. "ಇದಿದ್ದು ಅದಿಲ್ಲದವರು, ಅದಿದ್ದು ಇದಿಲ್ಲದವರು, ಮಂಗಳವಾರಕ್ಕೆ ಯಾರು?" ಎಂಟು ಚೀಟಿಯಿದ್ದರೆ 28 ಜೋಡಿಗಳಾಗುತ್ತವೆ. ಒಂದು ಸಂಜೆಯ ಕೆಲಸ. ಗೆದ್ದ ಚೀಟಿಗೆ ಒಂದು ಗೆರೆ ಹಾಕುತ್ತ ಹೋಗಿ, ಕೊನೆಗೆ ಗೆರೆ ಎಣಿಸಿ. ಮೇಲೆ ಬರುತ್ತದೆ ಅಂದುಕೊಂಡದ್ದು ಕೆಳಗಿದ್ದರೆ ಮತ್ತೆ ಎಣಿಸಿ ಸರಿಮಾಡಲು ಹೋಗಬೇಡಿ. ಗೊತ್ತಾಗಬೇಕಾದದ್ದು ಅದೇ.

ನಾನು ಹಟ ಹಿಡಿಯುವ ಎರಡು ಸಾಲು ಇಲ್ಲಿವೆ. ನಾಲ್ಕರಲ್ಲಿ ಎರಡನ್ನು ಇವಕ್ಕೆ ಬಿಡಿ.

ಒಂದು, ತಾತ್ಸಾರವಿಲ್ಲದ ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ದಂಪತಿಗಳನ್ನು ಕೂರಿಸಿ ಜಗಳವಾಡಿಸಿ, ಅದನ್ನು ಚಿತ್ರೀಕರಿಸಿ, ವರ್ಷಗಟ್ಟಲೆ ಹಿಂಬಾಲಿಸಿ ನೋಡಿದವರು. ಸಂಬಂಧ ಮುರಿಯುವ ಸೂಚನೆಗಳೆಂದು ಅವರು ಗುರುತಿಸಿದ ನಾಲ್ಕು: ವ್ಯಕ್ತಿತ್ವವನ್ನೇ ದೂರುವ ಟೀಕೆ, ತಾತ್ಸಾರ, ತಪ್ಪೊಪ್ಪದೆ ಸಮರ್ಥಿಸಿಕೊಳ್ಳುವುದು, ಮಾತು ಬಿಟ್ಟು ಗೋಡೆಯಂತೆ ಕೂರುವುದು. ಇವುಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ತಾತ್ಸಾರ: ಕಣ್ಣು ಹೊರಳಿಸುವುದು, ಅಣಕಿಸುವುದು, "ನಿನಗೇನು ಗೊತ್ತಾಗುತ್ತೆ ಬಿಡು". ದಂಪತಿಗಳ ಜಗಳಗಳಲ್ಲಿ ಶೇ 69ರಷ್ಟು ಎಂದೂ ಬಗೆಹರಿಯದವು ಎಂಬುದೂ ಅವರದೇ ಲೆಕ್ಕ. ಬಗೆಹರಿಯದ ಜಗಳಗಳ ಜೊತೆಗೇ ಬಾಳಬೇಕೆಂದ ಮೇಲೆ, ಆ ಜಗಳದಲ್ಲೂ ನಿಮ್ಮನ್ನು ಮನುಷ್ಯರೆಂದು ಕಾಣುವವರು ಬೇಡವೇ?

ಎರಡು, ಕೇಳಿದರೆ ನಿಜ ಹೇಳುವುದು. ಉಳಿದ ಎಲ್ಲ ಸಾಲುಗಳೂ ಇದರ ಮೇಲೆ ನಿಂತಿವೆ, ಹಾಗಾಗಿ ಹೆಚ್ಚು ವಿವರಿಸುವುದಿಲ್ಲ.

"ಬೇಡವೇ ಬೇಡ" ಪೆಟ್ಟಿಗೆಗೆ ಮಿತಿಯಿಲ್ಲ. ಕೈ ಎತ್ತುವುದು, "ನೀನು ಬಿಟ್ಟರೆ ಸಾಯ್ತೀನಿ" ಎಂದು ಹೆದರಿಸುವುದು, ಫೋನಿನ ಪಾಸ್‌ವರ್ಡ್ ಕಿತ್ತುಕೊಳ್ಳುವುದು, ಗೆಳತಿಯರನ್ನು ಒಬ್ಬೊಬ್ಬರಾಗಿ ಬಿಡಿಸುವುದು. ಒಂದೇ ಸಲ ನಡೆದರೂ ಬೇಡವೇ ಬೇಡ. ಈಗಾಗಲೇ ಇಂಥದ್ದರಲ್ಲಿ ಸಿಕ್ಕಿಕೊಂಡಿರುವ ಹೆಣ್ಣುಮಕ್ಕಳು 181 ಸಹಾಯವಾಣಿಗೆ ಕರೆ ಮಾಡಿ, ಪಟ್ಟಿ ಆಮೇಲೆ. ವರದಕ್ಷಿಣೆಯೂ ಇದೇ ಪೆಟ್ಟಿಗೆಗೆ. ಈಗ ಅದನ್ನು ಯಾರೂ ಹೆಸರು ಹಿಡಿದು ಕೇಳುವುದಿಲ್ಲ. "ನಮಗೇನೂ ಬೇಡ, ನಿಮ್ಮ ಮಗಳಿಗೆ ನೀವೇನು ಹಾಕ್ತೀರೋ ನಿಮ್ಮಿಷ್ಟ" ಎನ್ನುತ್ತಾರೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ತೆಗೆದುಕೊಳ್ಳುವುದರ ಜೊತೆಗೆ ಕೊಡುವುದೂ ಅಪರಾಧ, ಕೇಳುವುದೂ ಅಪರಾಧ.

ಹಂತ 5: ಪಟ್ಟಿಯನ್ನು ನಿಮ್ಮ ಕಡೆಗೆ ತಿರುಗಿಸಿ

ನಾಲ್ಕು ಸಾಲುಗಳನ್ನೂ ನಿಮಗೆ ಅನ್ವಯಿಸಿ, ಗೆಳೆಯರಿಂದ ಅಂಕ ಹಾಕಿಸಿ. ಅವರು ಹಾಕಿದ ಅಂಕಕ್ಕೆ ವಾದ ಮಾಡಬೇಡಿ. ಅಷ್ಟೇ.

ಹಂತ 6: ಎದುರಿಗೆ ಕೂತಾಗ

ಕಾಗದದ ಕೆಲಸ ಮುಗಿಯಿತು. ಇನ್ನು ಮನುಷ್ಯರು.

ಮೊದಲು ಒಂದು ಎಚ್ಚರಿಕೆ. ಅಮೆರಿಕದ ಸಂಶೋಧಕರಾದ ಪಾಲ್ ಈಸ್ಟ್‌ವಿಕ್ ಮತ್ತು ಎಲಿ ಫಿಂಕೆಲ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯುವಕ ಯುವತಿಯರು ತಮಗೆ ಎಂಥವರು ಬೇಕೆಂದು ಮೊದಲೇ ಬರೆದುಕೊಟ್ಟು, ಆಮೇಲೆ ಒಬ್ಬೊಬ್ಬರ ಜೊತೆ ಕೆಲವೇ ನಿಮಿಷ ಮಾತಾಡಿದರು. ಬರೆದುಕೊಟ್ಟದ್ದಕ್ಕೂ ನಿಜವಾಗಿ ಮೆಚ್ಚಿದ್ದಕ್ಕೂ ತಾಳೆಯಾಗಲಿಲ್ಲ. ಹಾಗಾದರೆ ಪಟ್ಟಿ ದಂಡವೇ? ನನ್ನ ಉತ್ತರ: ಯಾರನ್ನು ಮೆಚ್ಚುತ್ತೀರಿ ಎಂದು ಪಟ್ಟಿ ಹೇಳಲಾರದು. ಮೆಚ್ಚಿದ ಮೇಲೆ ಎಲ್ಲಿ ಬ್ರೇಕ್ ಹಾಕಬೇಕು ಎಂದು ಹೇಳಬಲ್ಲದು.

2020ರಲ್ಲಿ ಸಂಶೋಧಕಿ ಸಮಾಂತಾ ಜೋಯೆಲ್ ಮತ್ತು ಸಂಗಡಿಗರು 43 ಅಧ್ಯಯನಗಳಿಂದ 11,196 ಜೋಡಿಗಳ ಮಾಹಿತಿ ಒಟ್ಟುಮಾಡಿ ನೋಡಿದಾಗಲೂ ಇದೇ ದಿಕ್ಕಿನ ಮಾತು ಸಿಕ್ಕಿತು. ಆ ವ್ಯಕ್ತಿ ಎಂಥವರು ಎಂಬುದಕ್ಕಿಂತ ಇಬ್ಬರ ನಡುವೆ ಏನಿದೆ ಎಂಬುದು ಸಂಬಂಧದ ತೃಪ್ತಿಯನ್ನು ಚೆನ್ನಾಗಿ ತಿಳಿಸುತ್ತಿತ್ತು: ಇವರು ನನ್ನನ್ನು ಬಿಟ್ಟುಹೋಗುವವರಲ್ಲ ಎಂಬ ಭರವಸೆ, ಒಬ್ಬರಿಗೊಬ್ಬರ ಮೆಚ್ಚುಗೆ, ಜಗಳದ ಪ್ರಮಾಣ. ಹಾಗಾಗಿ ಭೇಟಿಯಲ್ಲಿ ಅವರನ್ನೊಬ್ಬರನ್ನೇ ನೋಡಬೇಡಿ. ಅವರ ಎದುರು ನೀವು ಹೇಗಿದ್ದೀರಿ ಎಂಬುದನ್ನೂ ನೋಡಿ. ಮಾತು ಅಳೆದು ತೂಗಿ ಆಡುತ್ತಿದ್ದೀರಾ, ಇಲ್ಲ ಹೊತ್ತು ಹೋದದ್ದು ಗೊತ್ತಾಗಲಿಲ್ಲವಾ?

ಮನೆಯವರು ನೋಡಿದ ಸಂಬಂಧವಾದರೆ: ಉಪ್ಪಿಟ್ಟು ಕೇಸರಿಬಾತಿನ ಮಧ್ಯೆ ಟೆರೇಸ್ ಮೇಲೆ ಕೊಡುವ ಹತ್ತು ನಿಮಿಷದಲ್ಲಿ ಹೆಸರು, ಕಂಪನಿ, ಹವ್ಯಾಸ ಬಿಟ್ಟು ಏನೂ ಗೊತ್ತಾಗುವುದಿಲ್ಲ. ಇನ್ನೂ ಮೂರು ಭೇಟಿ ಬೇಕೆಂದು ಎರಡೂ ಮನೆಗಳಿಗೆ ಹೇಳಿ. ಒಂದು, ಜನ ತುಂಬಿದ ದರ್ಶಿನಿಯಲ್ಲಿ. ಟೇಬಲ್ ಒರೆಸುವವನ ಜೊತೆ, ಟೋಕನ್ ತಡವಾದಾಗ ಕೌಂಟರಿನವನ ಜೊತೆ ಅವರು ಹೇಗೆ ಮಾತಾಡುತ್ತಾರೆ ನೋಡಿ. ಎರಡು, ಏನಾದರೂ ಕೆಲಸ ಇಟ್ಟುಕೊಂಡು: ತಂಗಿಗೆ ಉಡುಗೊರೆ ಕೊಳ್ಳುವುದೋ, ಬಸ್ಸಿನಲ್ಲಿ ಎಲ್ಲಿಗಾದರೂ ಹೋಗಿಬರುವುದೋ. ಮೂರು, ಅವರ ಗೆಳೆಯರ ನಡುವೆ.

ಪ್ರಶ್ನೆ ಕೇಳುವಾಗ ಅಭಿಪ್ರಾಯ ಕೇಳಬೇಡಿ, ನಡೆದದ್ದನ್ನು ಕೇಳಿ. "ಮದುವೆ ಆದ ಮೇಲೆ ನಾನು ಕೆಲಸಕ್ಕೆ ಹೋಗಬಹುದಾ?" ಎಂದರೆ "ಅಯ್ಯೋ, ಅದಕ್ಕೇನಂತೆ" ಎಂಬ ಉತ್ತರ ರೆಡಿ ಇರುತ್ತದೆ. "ನಿಮ್ಮ ಅತ್ತಿಗೆ ಏನು ಮಾಡ್ತಿದ್ದಾರೆ? ಮಗು ಆದಾಗ ಯಾರು ನೋಡಿಕೊಂಡರು?" ಎಂದು ಕೇಳಿ. "ಅಮ್ಮನ ಜೊತೆ ಕೊನೇ ಸಲ ಯಾವುದಕ್ಕೆ ಮುನಿಸಾಯ್ತು? ಆಮೇಲೆ ಹೇಗೆ ಸರಿಹೋಯ್ತು?" "ದೊಡ್ಡ ಮೊತ್ತ ಯಾವುದಕ್ಕಾದರೂ ಕಳಕೊಂಡಿದ್ದೀರಾ?" ಹೀಗೆ ಕೇಳಿ, ನಿಮ್ಮದನ್ನೂ ಹೇಳಿ. ಇಲ್ಲದಿದ್ದರೆ ಅದು ಇಂಟರ್‌ವ್ಯೂ ಆಗುತ್ತದೆ.

ಇನ್ನೊಂದು ಸಣ್ಣ ಪರೀಕ್ಷೆ. ಯಾವುದಾದರೂ ಸಣ್ಣ ವಿಷಯಕ್ಕೆ "ಬೇಡ" ಅನ್ನಿ. ಆ ಹೋಟೆಲ್ ಬೇಡ, ಭಾನುವಾರ ಆಗಲ್ಲ. "ಸರಿ, ಇನ್ನೊಂದು ದಿನ" ಎನ್ನುತ್ತಾರೋ, ಮುಖ ಊದಿಸುತ್ತಾರೋ, ಮೂರು ಸಲ ಒತ್ತಾಯಿಸುತ್ತಾರೋ? ದೊಡ್ಡ "ಬೇಡ" ಬಂದಾಗಿನ ನಡತೆಯ ಅಂದಾಜು ಇಲ್ಲೇ ಸಿಗುತ್ತದೆ.

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು" ಎಂಬ ಗಾದೆ ಹುಟ್ಟಿದ ನಾಡು ನಮ್ಮದು. ಆದ್ದರಿಂದ ಕೆಲಸ, ಸಾಲ, ಹಿಂದಿನ ಮದುವೆ, ದೀರ್ಘ ಕಾಯಿಲೆ, ಈ ನಾಲ್ಕನ್ನು ವಿಚಾರಿಸುವುದು ಅನುಮಾನವಲ್ಲ. ಮೊದಲು ಅವರನ್ನೇ ಕೇಳಿ, ಆಮೇಲೆ ತಾಳೆ ನೋಡಿ. ಸೋದರಮಾವ, ಅತ್ತೆಮಗ ಎಂದು ರಕ್ತಸಂಬಂಧದಲ್ಲೇ ಆಗುವುದಾದರೆ ಮದುವೆಗೆ ಮುಂಚೆ ಅನುವಂಶಿಕ ಕಾಯಿಲೆಗಳ ಬಗ್ಗೆ ತಜ್ಞ ವೈದ್ಯರನ್ನು ಕಾಣಿ. ಥಲಸ್ಸೀಮಿಯಾದಂಥ ರಕ್ತದ ಕಾಯಿಲೆಗೆ ಇಬ್ಬರೂ ವಾಹಕರಾಗಿದ್ದರೆ (ಅಂದರೆ ತಮಗೆ ಕಾಯಿಲೆಯಿಲ್ಲದೆ ಅದರ ವಂಶವಾಹಿಯ ಒಂದು ಪ್ರತಿಯನ್ನು ಹೊತ್ತವರು), ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ.

ನೀವೇ ಮೆಚ್ಚಿದ್ದಾದರೆ: ನಿಮಗೆ ಮಾಹಿತಿಯ ಕೊರತೆಯಿಲ್ಲ, ನೋಡುವ ಮನಸ್ಸಿನ ಕೊರತೆ. ಕಳೆದ ಮೂರು ಜಗಳಗಳನ್ನು ಬರೆಯಿರಿ. ಯಾವುದಕ್ಕೆ ಶುರುವಾಯಿತು, ಏನೇನು ಮಾತು ಬಂತು, ಮೊದಲು ಮಾತಾಡಿಸಿದವರು ಯಾರು. ಮೂರರಲ್ಲೂ ಮೊದಲು ಮಾತಾಡಿಸಿದ್ದು ನೀವೇ ಆಗಿದ್ದರೆ ಆ ಪುಟವನ್ನು ಗೆಳತಿಗೆ ಓದಿ ಹೇಳಿ. "ಮದುವೆ ಆದ ಮೇಲೆ ಬದಲಾಗ್ತಾರೆ" ಎಂಬ ವಾಕ್ಯ ನಿಮ್ಮ ಬಾಯಿಂದ ಬಂದರೆ, ಬದಲಾಗದಿದ್ದರೂ ಸರಿಯೇ ಎಂದು ಕೇಳಿಕೊಳ್ಳಿ.

ಹಂತ 7: ಮನೆಯಲ್ಲಿ ಹೇಳುವುದು

ಹದಿನೈದು ಸಾಲಿನ ಪಟ್ಟಿ ಹಿಡಿದು ಹೋದರೆ "ಇವಳಿಗೆ ರಾಜಕುಮಾರನೇ ಬೇಕು" ಎಂಬಲ್ಲಿಗೆ ಮಾತು ಮುಗಿಯುತ್ತದೆ. ನಾಲ್ಕು ಸಾಲು ಹಿಡಿದು ಹೋಗಿ. "ಅಪ್ಪ, ಈ ನಾಲ್ಕು ನನಗೆ ಬೇಕೇ ಬೇಕು. ಉಳಿದದ್ದರಲ್ಲಿ ನಿಮ್ಮ ಮಾತು ಕೇಳ್ತೀನಿ. ನೀವೂ ಅಮ್ಮನೂ ಕೂತು ನಿಮ್ಮದೂ ನಾಲ್ಕು ಹೇಳಿ." ಅವರು ನಾಲ್ಕಕ್ಕೆ ಇಳಿಸಲು ಕೂತಾಗ ಅವರಿಬ್ಬರ ನಡುವೆಯೇ ಜಗಳ ಹತ್ತುವುದುಂಟು. ಹತ್ತಲಿ ಬಿಡಿ.

ಎರಡು ಮನೆಯವರೂ ಸೇರಿದಾಗ ಕೆಲಸ, ಊರು, ಬೇರೆ ಮನೆ ಮಾಡುವ ವಿಷಯಗಳನ್ನು ಎಲ್ಲರ ಎದುರೇ ಕೇಳಿಸಿ. "ಅದೆಲ್ಲ ಆಮೇಲೆ ನೋಡೋಣ" ಎಂಬ ಉತ್ತರ ಬಂದರೆ ಅದನ್ನು "ಇಲ್ಲ" ಎಂದೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಹಂತ 8: ಎಲ್ಲಿ ನಿಲ್ಲಿಸುವುದು

"ಇನ್ನೂ ಒಳ್ಳೆಯವರು ಸಿಗಬಹುದೇನೋ" ಎಂಬುದಕ್ಕೆ ಗಣಿತದಲ್ಲಿ ಒಂದು ಸೂತ್ರವಿದೆ. ನೋಡಬೇಕಾದವರ ಒಟ್ಟು ಸಂಖ್ಯೆ ಗೊತ್ತಿದ್ದರೆ ಮೊದಲ ಶೇ 37ರಷ್ಟು ಜನರನ್ನು ಸುಮ್ಮನೆ ನೋಡಿ ಬಿಡುವುದು, ಆಮೇಲೆ ಅವರೆಲ್ಲರಿಗಿಂತ ಮೇಲೆನಿಸಿದ ಮೊದಲಿಗರನ್ನು ಒಪ್ಪುವುದು. ಕೇಳಲು ಚೆಂದ. ಆದರೆ ಬಿಟ್ಟವರು ಮತ್ತೆ ಬರುವುದಿಲ್ಲ ಎಂಬುದು ಆ ಸೂತ್ರದ ಷರತ್ತು. ನಮ್ಮ ಮದುವೆ ದಲ್ಲಾಳಿಗಳು ಬಿಟ್ಟ ಸಂಬಂಧವನ್ನೇ ಎರಡು ವರ್ಷದ ಮೇಲೆ ಹೊಸ ಫೋಟೋ ಅಂಟಿಸಿ ತರುತ್ತಾರೆ. ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ ಹೇಳಿದ ದಾರಿಯೇ ನನಗೆ ಸರಿ ಕಾಣುತ್ತದೆ: ಎಷ್ಟಾದರೆ ಸಾಕು ಎಂಬ ಗೆರೆಯನ್ನು ಮೊದಲೇ ಎಳೆದುಕೊಂಡು, ಅದನ್ನು ದಾಟಿದವರು ಸಿಕ್ಕಾಗ ಹುಡುಕಾಟ ನಿಲ್ಲಿಸುವುದು. ನಾಲ್ಕೂ ಸಾಲು ದಾಟಿ, ಬೇಡದ ಪೆಟ್ಟಿಗೆಯಲ್ಲಿ ಏನೂ ಸಿಕ್ಕದೆ, ಇನ್ನೊಮ್ಮೆ ಭೇಟಿಯಾಗಬೇಕು ಎಂದು ಮನಸ್ಸಿಗೂ ಅನಿಸಿದರೆ ಪ್ರೊಫೈಲ್‌ಗಳನ್ನು ತಿರುವುವುದು ಬಿಡಿ.

ಪಟ್ಟಿಯ ಮೇಲೆ ತಾರೀಖು ಹಾಕಿ, ಆರು ತಿಂಗಳಿಗೊಮ್ಮೆ ತೆಗೆದು ನೋಡಿ. ಸಂಬಂಧ ಮುರಿದ ವಾರ, ಗೆಳತಿಯ ಮದುವೆಗೆ ಹೋಗಿಬಂದ ರಾತ್ರಿ, "ವಯಸ್ಸಾಯ್ತು" ಎಂದು ಯಾರಾದರೂ ಚುಚ್ಚಿದ ದಿನ ಅದನ್ನು ಮುಟ್ಟಬೇಡಿ. ಯಾರೋ ಒಬ್ಬರಿಗಾಗಿ "ಇರಲೇಬೇಕು" ಎಂಬ ಸಾಲನ್ನು ಹೊಡೆಯಬೇಕೆನಿಸಿದರೆ ಎರಡು ವಾರ ತಡೆದು, ಕಾರಣವನ್ನು ಆ ಮುಲಾಜಿಲ್ಲದ ಗೆಳೆಯರಿಗೆ ಬಾಯಿಬಿಟ್ಟು ಹೇಳಿ. ಹೇಳುವಾಗ ನಿಮಗೇ ನಗು ಬಂದರೆ ಹೊಡೆಯಬೇಡಿ.

ಕೊನೆಯದಾಗಿ, ಪಟ್ಟಿಯನ್ನು ಎದುರಿನವರಿಗೆ ತೋರಿಸಬೇಕೇ ಎಂದು ಕೇಳುವವರಿದ್ದಾರೆ. ನಾಲ್ಕು ಸಾಲನ್ನು ಬಾಯಲ್ಲಿ ಹೇಳಿ, ಅವರ ನಾಲ್ಕನ್ನೂ ಕೇಳಿ. ನೋಟ್‌ಬುಕ್ ಮಾತ್ರ ಕೊಡಬೇಡಿ. ಅದರಲ್ಲಿ ಹೊಡೆದುಹಾಕಿದ ಸಾಲುಗಳೂ ಇವೆ, ದೊಡ್ಡಪ್ಪನ ಹೆಸರೂ ಇದೆ. ನಿಶ್ಚಿತಾರ್ಥದ ದಿನ ಸೀರೆ ಹುಡುಕಲು ಮನೆತುಂಬ ಜನ ಬೀರು ತೆಗೆಯುತ್ತಾರೆ. ಆ ಹೊತ್ತಿಗೆ ಅದು ಅಲ್ಲಿರದಂತೆ ನೋಡಿಕೊಳ್ಳಿ.